ಅದು ಕುಮಟಾದ ಸೆಕೆ ಆಗಿರಲಿಲ್ಲ

ಕರಾವಳಿಯಲ್ಲಿ ಎಲ್ಲರೂ ಬೆವರುತ್ತಾರೆ. ಮಾರ್ಚ್ ಬಂತೆಂದರೆ ಕುಮಟಾದಲ್ಲಿ ಸ್ನಾನ ಮಾಡಿ ಬಚ್ಚಲಿಂದ ಹೊರಗೆ ಬರುವಷ್ಟರಲ್ಲಿ ಬೆನ್ನು ಮತ್ತೆ ಒದ್ದೆ. ಹಾಗಾಗಿ ಐವತ್ತರ ಹೆಂಗಸೊಬ್ಬಳು ಸೆರಗಿನಲ್ಲಿ ಮುಖ ಒರೆಸಿಕೊಂಡರೆ ಯಾರೂ ತಿರುಗಿ ನೋಡುವುದಿಲ್ಲ. ಅವಳೂ ಯೋಚನೆ ಮಾಡುವುದಿಲ್ಲ. 'ಎಂಥಾ ಸೆಕೆ ಮಾರಾಯ್ತಿ' ಅಂದರೆ ಅಲ್ಲಿಗೆ ಮುಗಿಯಿತು.

ನಾನು ಇಲ್ಲಿನ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ನೋಡುವವಳು. ಕೌಂಟರಿನಲ್ಲಿ ಕೂತಿದ್ದಾಗ ಎದೆಯಲ್ಲಿ ಶುರುವಾದ ಬಿಸಿ ಕುತ್ತಿಗೆ, ಕಿವಿ ದಾಟಿ ಹಣೆಯವರೆಗೆ ಏರುತ್ತಿತ್ತು. ಎರಡು ಮೂರು ನಿಮಿಷ ಅಷ್ಟೇ. ಆಮೇಲೆ ಬೆವರು. ಬೆವರು ಆರುವಾಗ ಸಣ್ಣಗೆ ಚಳಿ. ನೋಟು ಎಣಿಸುತ್ತಾ ಎಣಿಸುತ್ತಾ ಲೆಕ್ಕ ತಪ್ಪಿ ಮತ್ತೆ ಮೊದಲಿಂದ ಶುರು. ಮುಟ್ಟು ನಿಂತು ವರ್ಷ ದಾಟಿತ್ತು. ನಿದ್ದೆ ಎಂಬುದು ತುಂಡು ತುಂಡು. ಮನೆಯಲ್ಲಿ ಸಣ್ಣ ಮಾತಿಗೂ ಸಿಟ್ಟು. ಇದಕ್ಕೆಲ್ಲ ಒಂದೊಂದು ಬೇರೆ ಕಾರಣ ಸಿಗುತ್ತಿತ್ತು: ಸೆಕೆ, ಮಾರ್ಚ್ ಎಂಡಿಂಗ್, ಮಗಳ ಪರೀಕ್ಷೆ.

ಗೊತ್ತಾಗಿದ್ದು ಘಟ್ಟದ ಮೇಲೆ. ನನ್ನ ತವರು ಶಿರಸಿ ಹತ್ತಿರದ ಒಂದು ಹಳ್ಳಿ. ಡಿಸೆಂಬರಿನಲ್ಲಿ ಅಡಕೆ ಕೊಯ್ಲಿನ ಹೊತ್ತಿಗೆ ಹೋಗಿದ್ದೆ. ಅಲ್ಲಿನ ಚಳಿ ಗೊತ್ತಲ್ಲ, ರಾತ್ರಿ ಎರಡು ಕಂಬಳಿ ಬೇಕು. ಆ ಚಳಿಯಲ್ಲಿ ನಾನು ನಡುರಾತ್ರಿ ಎದ್ದು ಒದ್ದೆಯಾದ ನೈಟಿ ಬದಲಿಸುತ್ತಿದ್ದೆ. ಪಕ್ಕದಲ್ಲಿ ಮಲಗಿದ್ದ ಆಯಿಗೆ, ಅಂದರೆ ನನ್ನ ಅಮ್ಮನಿಗೆ, ಎಚ್ಚರವಾಯಿತು. 'ಎಂತಾ ಆತೇ ನಿಂಗೆ?' ಅಂತ ಹಣೆ ಮುಟ್ಟಿ ನೋಡಿದಳು. ಜ್ವರ ಇಲ್ಲ. ಕುಮಟಾದ ಸೆಕೆ ದೇವಿಮನೆ ಘಟ್ಟ ಹತ್ತಿ ನನ್ನ ಹಿಂದೆ ಬರಲು ಸಾಧ್ಯವಿಲ್ಲ ಅಲ್ವಾ? ಇದು ಮುಟ್ಟು ನಿಂತು, ಮೈಯಲ್ಲಿ ಈಸ್ಟ್ರೊಜೆನ್ ಎಂಬ ಹಾರ್ಮೋನ್ ಇಳಿದಾಗ ಬರುವ ಬಿಸಿ.

ಊರಿಗೆ ವಾಪಸ್ ಬಂದು ಮೊದಲು ಕಂಡ ಡಾಕ್ಟರು ಒಳ್ಳೆಯವರೇ. ಆದರೆ ನನ್ನ ಮಾತು ಮುಗಿಯುವ ಮೊದಲೇ ಚೀಟಿ ಬರೆದಿದ್ದರು. 'ವಯಸ್ಸಿಗೆ ಬರೋದು. ಸ್ವಲ್ಪ ದಿನ ತಡ್ಕೊಳ್ಳಿ.' ಕ್ಯಾಲ್ಸಿಯಂ ಮಾತ್ರೆ, ನಿದ್ದೆಗೆ ಒಂದು ಮಾತ್ರೆ. ಇಳಿದ ಹಾರ್ಮೋನನ್ನು ಔಷಧಿಯಾಗಿ ಕೊಡುವ ಹಾರ್ಮೋನ್ ಚಿಕಿತ್ಸೆ ಬಗ್ಗೆ ನಾನೇ ಕೇಳಿದೆ. 'ಅದೆಲ್ಲ ಬೇಡ, ಕ್ಯಾನ್ಸರ್ ಬರ್ತದೆ' ಅಂದರು. ಎಷ್ಟು ಜನರಲ್ಲಿ ಎಷ್ಟು ಮಂದಿಗೆ, ಎಷ್ಟು ವರ್ಷಕ್ಕೆ ಅಂತ ಕೇಳಬೇಕು ಅನ್ನಿಸಿತು. ಹೊರಗೆ ಸಾಲು ಉದ್ದ ಇತ್ತು.

ಮನೆಮದ್ದನ್ನೂ ಬಿಡಲಿಲ್ಲ. ಒಂದೆಲಗದ ತಂಬುಳಿ, ಮುರುಗಲು ಪಾನಕ, ಶತಾವರಿ ಪುಡಿ, ಯಾರೋ ಹೇಳಿದರೆಂದು ಸೋಯಾ ಹಿಟ್ಟು. ತಂಬುಳಿ ಈಗಲೂ ಮಾಡುತ್ತೇನೆ, ಊಟಕ್ಕೆ ಚೆನ್ನಾಗಿರುತ್ತದೆ ಅಂತ. ರಾತ್ರಿ ಬೆವರಿಗೆ ನನಗಂತೂ ಯಾವುದರಿಂದಲೂ ಫರಕ್ ಕಾಣಲಿಲ್ಲ.

ನನ್ನನ್ನು ಕೂರಿಸಿ ಮಾತಾಡಿಸಿದ್ದು ಶಿರಸಿಯ ಒಬ್ಬ ಸ್ತ್ರೀರೋಗ ತಜ್ಞೆ. ಅಣ್ಣನ ಹೆಂಡತಿ ಕರೆದುಕೊಂಡು ಹೋಗಿದ್ದಳು. ಅವರು ಔಷಧಿಯ ಮಾತು ತೆಗೆಯುವ ಮೊದಲು ಪ್ರಶ್ನೆ ಕೇಳಿದರು, ಕೇಳುತ್ತಲೇ ಹೋದರು. ಮುಟ್ಟು ನಿಂತ ಮೇಲೆ ಯಾವಾಗಲಾದರೂ ರಕ್ತ ಕಂಡಿದೆಯಾ? ಕಾಲಿನಲ್ಲಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದು ಇದೆಯಾ? ಲಿವರ್ ಕಾಯಿಲೆ? ಪಾರ್ಶ್ವವಾಯು, ಹೃದಯಾಘಾತ? ಸ್ತನದಲ್ಲಿ ಗಂಟು? ಕಣ್ಣ ಮುಂದೆ ಮಿಂಚು ಬಂದು ಆಮೇಲೆ ತಲೆನೋವು ಬರುತ್ತದಾ? ಸ್ತನ ಕ್ಯಾನ್ಸರ್ ಆದವರಿಗೆ, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇರುವವರಿಗೆ, ಲಿವರ್ ಕೆಟ್ಟವರಿಗೆ ಸಾಮಾನ್ಯವಾಗಿ ಈ ಚಿಕಿತ್ಸೆ ಕೊಡುವುದಿಲ್ಲವಂತೆ.

ನಮ್ಮ ಮನೆತನದಲ್ಲಿ ಒಂದು ಕೇಸ್ ಇತ್ತು. ಅಪ್ಪನ ಅಕ್ಕನಿಗೆ ಎಪ್ಪತ್ತು ದಾಟಿದ ಮೇಲೆ ಸ್ತನ ಕ್ಯಾನ್ಸರ್ ಆಗಿತ್ತು. ಅದನ್ನು ಹೇಳುವಾಗಲೇ 'ಹಾಗಾದರೆ ನಿಮಗೆ ಆಗಲ್ಲ' ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಬರೆದುಕೊಂಡರು. ಅಮ್ಮನಿಗೋ ಅಕ್ಕತಂಗಿಗೋ ಚಿಕ್ಕ ವಯಸ್ಸಿನಲ್ಲಿ ಬಂದಿದ್ದರೆ ಬೇರೆ ರೀತಿ ಯೋಚಿಸಬೇಕಿತ್ತು, ದೂರದ ಒಬ್ಬರಿಗೆ ಅಷ್ಟು ವಯಸ್ಸಾದ ಮೇಲೆ ಬಂದಿದ್ದರೆ ಅದೊಂದರಿಂದಲೇ ಬಾಗಿಲು ಮುಚ್ಚುವುದಿಲ್ಲ ಅಂದರು.

ಆಯಿಯ ಮಣಿಕಟ್ಟಿನ ವಿಷಯವನ್ನೂ ಕೇಳಿ ಬರೆದುಕೊಂಡರು. ಮಳೆಗಾಲದಲ್ಲಿ ಅಂಗಳಕ್ಕೆ ಅಡಕೆ ದಬ್ಬೆ ಹಾಸಿದ್ದರೂ ಪಾಚಿಯಲ್ಲಿ ಜಾರಿ ಮುರಿದುಕೊಂಡಿದ್ದಳು. ಈಸ್ಟ್ರೊಜೆನ್ ಇಳಿದ ಮೇಲೆ ಮೂಳೆ ಬೇಗ ಸವೆಯುತ್ತದೆ, ಅದು ಮನೆತನದಲ್ಲೂ ಬರಬಹುದು. ಹಾರ್ಮೋನ್ ಚಿಕಿತ್ಸೆಯಿಂದ ಮೂಳೆ ಮುರಿಯುವ ಸಂಭವ ಕಡಿಮೆಯಾಗುತ್ತದೆ ಎಂಬುದನ್ನು ನಾನು ಅಲ್ಲೇ ಮೊದಲು ಕೇಳಿದ್ದು.

ಆಮೇಲೆ ಪರೀಕ್ಷೆಗಳು. ನಮ್ಮ ಸಂಘದಲ್ಲಿ ವರ್ಷಕ್ಕೊಮ್ಮೆ ಆಡಿಟ್ ಆಗುತ್ತದಲ್ಲ, ಇದು ಮೈಗೆ ಆಡಿಟ್. ಬಿಪಿ, ಶುಗರ್, ಕೊಲೆಸ್ಟ್ರಾಲ್, ಹಿಮೋಗ್ಲೋಬಿನ್, ಗರ್ಭಕೋಶದ ಕೊರಳಿನ ಕ್ಯಾನ್ಸರ್ ನೋಡುವ ಪ್ಯಾಪ್ ಸ್ಮಿಯರ್. ಥೈರಾಯ್ಡ್ ಜಾಸ್ತಿಯಾದರೂ ಬೆವರು, ಎದೆ ಡವಡವ ಎಲ್ಲ ಬರುತ್ತದೆ, ಹಾಗಾಗಿ ಅದನ್ನೂ ನೋಡಿದರು. ಒಂದು ಲ್ಯಾಬಿನವರು ಹಾರ್ಮೋನ್ ಪ್ಯಾಕೇಜ್ ಅಂತ ದೊಡ್ಡ ಪಟ್ಟಿ ಕೊಟ್ಟಿದ್ದರು. ಡಾಕ್ಟರು ಅದರ ಮೇಲೆ ಗೀಟು ಎಳೆದರು. 45 ದಾಟಿದ್ದು, ಮುಟ್ಟು ನಿಂತಿದ್ದು, ಲಕ್ಷಣ ಹೀಗೆ ಸ್ಪಷ್ಟವಾಗಿದ್ದರೆ ರಕ್ತದಲ್ಲಿ ಎಫ್‌ಎಸ್‌ಎಚ್ ಎಂಬ ಹಾರ್ಮೋನ್ ನೋಡುವ ಅಗತ್ಯ ಇಲ್ಲವಂತೆ. ಹನ್ನೆರಡು ತಿಂಗಳು ಮುಟ್ಟಾಗದಿದ್ದರೆ ಮುಟ್ಟು ಪೂರ್ತಿ ನಿಂತಿತು ಅಂತಲೇ ಲೆಕ್ಕ. ದುಡ್ಡು ಉಳಿಯಿತು.

ಗರ್ಭಕೋಶದ ಒಳಪದರ ಎಷ್ಟು ದಪ್ಪ ಇದೆ ಅಂತ ನೋಡಲು ಒಳಗಿನಿಂದ ಮಾಡುವ ಸ್ಕ್ಯಾನ್ ಆಯಿತು. ಅದು ಕೇಳಿದಷ್ಟು ಭಯಂಕರ ಅಲ್ಲ. ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಮತ್ತು ಮೂಳೆ ಸಾಂದ್ರತೆಯ ಡೆಕ್ಸಾ ಪರೀಕ್ಷೆಗೆ ಮಣಿಪಾಲಕ್ಕೆ ಹೋದೆ, ಮಗಳು ಆ ಕಡೆ ಓದುತ್ತಾಳೆ ಎಂಬ ನೆಪ ಇತ್ತು. ನಮ್ಮ ಜಿಲ್ಲೆಯವರಿಗೆ ಇದು ಹೊಸದಲ್ಲ. ಸ್ವಲ್ಪ ದೊಡ್ಡ ಪರೀಕ್ಷೆ ಅಂದರೆ ಬ್ಯಾಗ್ ತುಂಬಿಸಿಕೊಂಡು ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಕಾರವಾರದ ಕಡೆಯವರಾದರೆ ಗೋವಾ. ನಮ್ಮ ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ಎಲ್ಲರ ಮೊಬೈಲಿನಲ್ಲೂ ಕೂಗು ಎದ್ದಿತ್ತು, ನಾನೂ ಸ್ಟೇಟಸ್ ಹಾಕಿದ್ದೆ.

ಮ್ಯಾಮೊಗ್ರಾಮ್ ಮಾಡಿಸದವರಿಗೆ ಒಂದು ಮಾತು. ಆ ದಿನ ಕಂಕುಳಿಗೆ ಪೌಡರ್, ಸೆಂಟು ಏನೂ ಹಾಕಬೇಡಿ, ಅದು ಚಿತ್ರದಲ್ಲಿ ಚುಕ್ಕಿಯ ಹಾಗೆ ಕಾಣಬಹುದು. ಸ್ತನವನ್ನು ಎರಡು ತಟ್ಟೆಗಳ ನಡುವೆ ಇಟ್ಟು ಒತ್ತುತ್ತಾರೆ. ನೋವಾಗುತ್ತದೆ, ಆದರೆ ಕೆಲವೇ ಸೆಕೆಂಡು. ನನ್ನದು ಸರಿ ಇತ್ತು. ಡೆಕ್ಸಾದಲ್ಲಿ ಮಾತ್ರ ಬೆನ್ನುಮೂಳೆಯ ಟಿ-ಸ್ಕೋರ್, ಅಂದರೆ ಮೂಳೆ ಎಷ್ಟು ಗಟ್ಟಿ ಅಂತ ಹೇಳುವ ಅಂಕಿ, ಸ್ವಲ್ಪ ಕೆಳಗಿತ್ತು. −1 ಮತ್ತು −2.5 ನಡುವೆ ಇದ್ದರೆ ಆಸ್ಟಿಯೊಪೀನಿಯ, ಅಂದರೆ ಮೂಳೆ ತೆಳುವಾಗಲು ಶುರುವಾಗಿದೆ. −2.5 ಅಥವಾ ಅದಕ್ಕೂ ಕೆಳಗೆ ಹೋದರೆ ಆಸ್ಟಿಯೊಪೊರೋಸಿಸ್. ನಾನು ಮೊದಲನೆಯದರಲ್ಲಿ ಇದ್ದೆ.

ಈಗ ಕ್ಯಾನ್ಸರ್ ಮಾತಿಗೆ ಬರುತ್ತೇನೆ. ನನಗೆ ಬೇಕಾಗಿದ್ದು ಇದೇ.

ಡಾಕ್ಟರು ಹೇಳಿದ ಮೇಲೆ ನಾನೂ ಕೂತು ಓದಿದೆ. ಈ ಹೆದರಿಕೆ ಬಹುಪಾಲು ಒಂದು ಅಧ್ಯಯನದಿಂದ ಬಂದಿದ್ದು. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್. 50ರಿಂದ 79 ವರ್ಷದ 16,608 ಹೆಂಗಸರಲ್ಲಿ ಅರ್ಧದಷ್ಟು ಜನರಿಗೆ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್ ಹಾರ್ಮೋನಿನ ಹಾಗೆ ಕೆಲಸ ಮಾಡುವ ಔಷಧಿ) ಸೇರಿದ ಮಾತ್ರೆ, ಉಳಿದವರಿಗೆ ಔಷಧಿ ಇಲ್ಲದ ಮಾತ್ರೆ ಕೊಟ್ಟಿದ್ದರು. 2002ರ ಜುಲೈಯಲ್ಲಿ ಅದನ್ನು ನಡುವೆಯೇ ನಿಲ್ಲಿಸಿದರು. ಸ್ತನ ಕ್ಯಾನ್ಸರ್ ಜಾಸ್ತಿಯಾಗಿದೆ ಅಂತ ಸುದ್ದಿ ಜಗತ್ತಿಗೆಲ್ಲ ಹರಡಿತು. ಎಷ್ಟು ಜಾಸ್ತಿ? ಶೇಕಡಾ 26. ಕೇಳಿದರೆ ಎದೆ ಧಸಕ್ ಅನ್ನುತ್ತದೆ.

ಆದರೆ ಲೆಕ್ಕದವರು ಶೇಕಡಾ ಕೇಳಿದ ಕೂಡಲೇ 'ಯಾವುದರ ಮೇಲೆ?' ಅಂತ ಕೇಳುತ್ತಾರೆ. ವರ್ಷಕ್ಕೆ 10,000 ಹೆಂಗಸರಲ್ಲಿ ಔಷಧಿ ಇಲ್ಲದವರಲ್ಲಿ 30 ಮಂದಿಗೆ ಬಂದಿತ್ತು, ಔಷಧಿ ತಗೊಂಡವರಲ್ಲಿ 38 ಮಂದಿಗೆ. ಎಂಟು ಜಾಸ್ತಿ. ಪಾರ್ಶ್ವವಾಯುವೂ ಎಂಟು ಜಾಸ್ತಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದೂ ಎಂಟು ಜಾಸ್ತಿ. ಇನ್ನೊಂದು ಬದಿಯಲ್ಲಿ ಸೊಂಟದ ಮೂಳೆ ಮುರಿತ ಐದು ಕಡಿಮೆ, ದೊಡ್ಡ ಕರುಳಿನ ಕ್ಯಾನ್ಸರ್ ಆರು ಕಡಿಮೆ. ಎಂಟು ಅಂದರೆ ಸೊನ್ನೆ ಅಲ್ಲ. ಆ ಎಂಟರಲ್ಲಿ ಒಬ್ಬಳಾದವಳಿಗೆ ಅದು ಪೂರ್ತಿ ನೂರು. ಆದರೆ 'ಕ್ಯಾನ್ಸರ್ ಬರ್ತದೆ' ಎಂಬ ಒಂದೇ ಮಾತಿನಲ್ಲಿ ಇದನ್ನೆಲ್ಲ ಮುಚ್ಚಿಡುವುದು ಸರಿಯಲ್ಲ.

ಇನ್ನೂ ಎರಡು ಸಂಗತಿ ಇದ್ದವು. ಆ ಹೆಂಗಸರ ಸರಾಸರಿ ವಯಸ್ಸು 63. ತುಂಬಾ ಜನರಿಗೆ ಮುಟ್ಟು ನಿಂತು ಹತ್ತು ವರ್ಷ ಮೀರಿತ್ತು. ಮತ್ತೆ ಅವರಿಗೆ ಕೊಟ್ಟ ಈಸ್ಟ್ರೊಜೆನ್ ಗಬ್ಬದ ಕುದುರೆಯ ಮೂತ್ರದಿಂದ ತೆಗೆದದ್ದು (ಹೌದು, ನಿಜ), ಜೊತೆಗೆ ಲ್ಯಾಬಿನಲ್ಲಿ ಮಾಡಿದ ಒಂದು ಪ್ರೊಜೆಸ್ಟಿನ್. ಎರಡೂ ಹೊಟ್ಟೆಗೆ ನುಂಗುವ ಮಾತ್ರೆ. ಈಗ ನನ್ನಂಥವರಿಗೆ ಕೊಡುವುದು ಬೇರೆ: ಅಂಡಾಶಯ ತಯಾರಿಸುತ್ತಿದ್ದ ಅದೇ ಬಗೆಯ ಈಸ್ಟ್ರೊಜೆನ್, ಹೆಸರು ಈಸ್ಟ್ರಾಡಯಾಲ್, ಚರ್ಮದ ಮೂಲಕ. ಅದು ಮಾತ್ರೆಯ ಹಾಗೆ ಮೊದಲು ಲಿವರಿಗೆ ಹೋಗುವುದಿಲ್ಲ, ಹಾಗಾಗಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಯಷ್ಟು ಇಲ್ಲ. ವಯಸ್ಸು 60ರ ಒಳಗೆ, ಅಥವಾ ಮುಟ್ಟು ನಿಂತು ಹತ್ತು ವರ್ಷದ ಒಳಗೆ ಶುರು ಮಾಡಿದರೆ, ಬೇರೆ ತೊಂದರೆ ಇಲ್ಲದವರಿಗೆ ಸಾಮಾನ್ಯವಾಗಿ ಲಾಭದ ತಟ್ಟೆಯೇ ಭಾರ.

'ನಿರ್ಧಾರ ನಿಮ್ಮದು, ಬೇಡ ಅಂದರೂ ನನಗೆ ಬೇಸರ ಇಲ್ಲ' ಅಂದರು ಡಾಕ್ಟರು. ಇವರು, ಅಂದರೆ ನಮ್ಮ ಮನೆಯವರು, ಎಲ್ಲ ಕೇಳಿಸಿಕೊಂಡು 'ನಿಂಗೆ ನಿದ್ದೆ ಬಂದ್ರೆ ಸಾಕು' ಅಂದರು. ಅದರಲ್ಲಿ ಅವರ ಸ್ವಾರ್ಥವೂ ಇತ್ತು. ರಾತ್ರಿಯಿಡೀ ಫ್ಯಾನ್ ಐದರಲ್ಲಿ ಇಟ್ಟು ಅವರನ್ನು ನಡುಗಿಸುತ್ತಿದ್ದೆ.

ಚೀಟಿಯಲ್ಲಿ ಎರಡೇ ಔಷಧಿ. ಬೆಳಿಗ್ಗೆ ಹಚ್ಚಲು ಈಸ್ಟ್ರಾಡಯಾಲ್ ಜೆಲ್, ರಾತ್ರಿ ಮಲಗುವಾಗ ಪ್ರೊಜೆಸ್ಟರಾನ್ 100 ಮಿಲಿಗ್ರಾಂ ಕ್ಯಾಪ್ಸೂಲ್. ಗರ್ಭಕೋಶ ಇರುವವರು ಈಸ್ಟ್ರೊಜೆನ್ ಒಂದನ್ನೇ ತಗೊಳ್ಳಬಾರದು. ಅದು ಒಳಪದರವನ್ನು ಬೆಳೆಸುತ್ತಾ ಹೋಗುತ್ತದೆ, ಬೆಳೆದು ಬೆಳೆದು ಅದೇ ಕ್ಯಾನ್ಸರ್ ಆಗಬಹುದು. ಪ್ರೊಜೆಸ್ಟರಾನ್ ಅದನ್ನು ತಡೆಯುತ್ತದೆ. ಗರ್ಭಕೋಶ ತೆಗೆಸಿಕೊಂಡವರಿಗೆ ಸಾಮಾನ್ಯವಾಗಿ ಇದು ಬೇಡ. ಮುಟ್ಟು ಇನ್ನೂ ಆಗೊಮ್ಮೆ ಈಗೊಮ್ಮೆ ಆಗುತ್ತಿದ್ದರೆ ಪ್ರೊಜೆಸ್ಟರಾನನ್ನು ತಿಂಗಳಿಗೆ ಹನ್ನೆರಡು ಹದಿನಾಲ್ಕು ದಿನ ಮಾತ್ರ ಕೊಡುವ ಕ್ರಮವೂ ಇದೆ. ನನಗೆ ನಿಂತು ವರ್ಷ ದಾಟಿದ್ದರಿಂದ ದಿನಾ.

ಕುಮಟಾದ ಮೆಡಿಕಲ್ ಶಾಪಿನಲ್ಲಿ ಕ್ಯಾಪ್ಸೂಲ್ ಕೂಡಲೇ ಸಿಕ್ಕಿತು. ಬಸುರಿಯರಿಗೆ ಗರ್ಭ ನಿಲ್ಲಲು ಇದನ್ನೇ ಬರೆಯುತ್ತಾರೆ. ಅಂಗಡಿಯ ಹುಡುಗ ಚೀಟಿ ನೋಡಿ ಸಂತೋಷದಿಂದ, 'ಮಗಳಿಗೆ ಎಷ್ಟು ತಿಂಗಳು ಅಕ್ಕಾ?' ಅಂದ. 'ಮಗಳು ಇನ್ನೂ ಡಿಗ್ರಿ ಓದ್ತಾ ಇದ್ದಾಳೆ. ಇದು ನನಗೆ' ಅಂದೆ. ಪಾಪ, ಅವನ ಮುಖ ನೋಡಬೇಕಿತ್ತು. ಜೆಲ್ ಇರಲಿಲ್ಲ, ತರಿಸಿಕೊಟ್ಟ. ಈಗ ಟ್ಯೂಬ್ ಮುಗಿಯುವ ಎರಡು ವಾರ ಮೊದಲೇ ಹೇಳಿಡುತ್ತೇನೆ. ಮಳೆಗಾಲದಲ್ಲಿ ಎಲ್ಲಿ ಗುಡ್ಡ ಕುಸಿದು ರಸ್ತೆ ಬಂದಾಗುತ್ತದೋ ಹೇಳಲಾಗದು.

ಜೆಲ್ ಜೊತೆ ಒಂದು ಅಳತೆ ಪಟ್ಟಿ ಬರುತ್ತದೆ. ಪೂರ್ತಿ ಅಳತೆ 2.5 ಗ್ರಾಂ, ಅದರಲ್ಲಿ 1.5 ಮಿಲಿಗ್ರಾಂ ಈಸ್ಟ್ರಾಡಯಾಲ್. ನನಗೆ ಮೊದಲು ಅರ್ಧ ಅಳತೆ. 80 ಗ್ರಾಂ ಟ್ಯೂಬ್ ಅರ್ಧ ಅಳತೆಯಲ್ಲಿ ಎರಡು ತಿಂಗಳು ಬಂತು. ತೋಳಿನ ಹೊರಭಾಗಕ್ಕೋ ತೊಡೆಯ ಒಳಭಾಗಕ್ಕೋ ತೆಳುವಾಗಿ ಹಚ್ಚಬೇಕು, ಎದೆಗೆ ಮಾತ್ರ ಹಚ್ಚಬಾರದು. ಚರ್ಮ ಒಣಗಿರಬೇಕು. ಇದನ್ನು ಬರೆದವರು ಮೇ ತಿಂಗಳಲ್ಲಿ ಕುಮಟಾಕ್ಕೆ ಬಂದಿಲ್ಲ ಅಂತ ಕಾಣುತ್ತದೆ. ಸ್ನಾನವಾಗಿ, ಫ್ಯಾನಿನ ಕೆಳಗೆ ನಿಂತು, ಪೂರ್ತಿ ಆರಿದ ಮೇಲೆ ಹಚ್ಚಿ, ಮತ್ತೆ ಐದು ನಿಮಿಷ ಬಿಟ್ಟು ಬ್ಲೌಸ್ ಹಾಕುವುದು ಅಭ್ಯಾಸವಾಯಿತು. ಹಚ್ಚಿದ ಮೇಲೆ ಒಂದು ಗಂಟೆ ಆ ಜಾಗಕ್ಕೆ ನೀರು ತಾಗಿಸುವುದಿಲ್ಲ, ಕೈ ತೊಳೆಯದೆ ಮಕ್ಕಳನ್ನು ಎತ್ತಿಕೊಳ್ಳುವುದಿಲ್ಲ. ಇನ್ನೊಂದು, ಜೆಲ್‌ನಲ್ಲಿ ಆಲ್ಕೋಹಾಲ್ ಇದೆ, ಬೆಂಕಿ ಹತ್ತಿಕೊಳ್ಳುತ್ತದೆ. ನಮ್ಮ ಹಾಗೆ ಬಚ್ಚಲ ಒಲೆಗೆ ಸೌದೆ ಹಾಕುವ ಮನೆಯವರು ಒಲೆ ಪಕ್ಕ ನಿಂತು ಹಚ್ಚಬೇಡಿ.

ಪ್ರೊಜೆಸ್ಟರಾನ್ ನಿದ್ದೆ ತರಿಸುತ್ತದೆ, ಅದಕ್ಕೇ ರಾತ್ರಿ ತಗೊಳ್ಳುವುದು. ನನಗಂತೂ ಮೊದಲ ವಾರವೇ ಅದು ಗೊತ್ತಾಯಿತು. ಕೆಲವು ಕಂಪನಿಗಳ ಕ್ಯಾಪ್ಸೂಲಿನಲ್ಲಿ ಶೇಂಗಾ ಎಣ್ಣೆ ಇರುತ್ತದೆ, ಅಲರ್ಜಿ ಇರುವವರು ಮೊದಲೇ ಹೇಳಬೇಕು. ಬಿಸಿ ಏರುವುದು ಒಮ್ಮೆಲೇ ನಿಲ್ಲಲಿಲ್ಲ. ಮೊದಲು ರಾತ್ರಿಯದು ಕಡಿಮೆಯಾಯಿತು, ಆಮೇಲೆ ಬೆಳಗಿನದು. ಮಧ್ಯಾಹ್ನ ಊಟದ ನಂತರದ್ದು ಹಟ ಹಿಡಿದು ಉಳಿಯಿತು. ಎದೆ ಸ್ವಲ್ಪ ಬಿಗಿದು ನೋವಾಗುತ್ತಿತ್ತು, ಹೊಟ್ಟೆ ಉಬ್ಬರ ಇತ್ತು. ಅವೆರಡೂ ಕೆಲವು ವಾರಗಳಲ್ಲಿ ಹೋದವು. ಮೂರು ತಿಂಗಳಿಗೆ ಮತ್ತೆ ಶಿರಸಿಗೆ ಹೋದಾಗ ಡಾಕ್ಟರು ಅಳತೆಯನ್ನು ಪೂರ್ತಿ ಮಾಡಿದರು. ಮಧ್ಯಾಹ್ನದ ಬಿಸಿಯೂ ಹೋಯಿತು.

ಆದರೆ ಚೌತಿ ಹತ್ತಿರ ಬಂದಾಗ ರಕ್ತ ಕಾಣಿಸಿತು.

ನಮ್ಮ ಮನೆಯ ಸ್ಥಿತಿ ಸ್ವಲ್ಪ ಹೇಳಬೇಕು. ಮುಟ್ಟು ನಿಂತಾಗ ಅತ್ಯಂತ ಖುಷಿಪಟ್ಟವರು ನಮ್ಮ ಅತ್ತೆ. 'ಒಳ್ಳೇದಾತು ತಂಗೀ, ಇನ್ನು ಹಬ್ಬಕ್ಕೆ ತೊಂದ್ರೆ ಇಲ್ಲೆ' ಅಂದಿದ್ದರು. ಕ್ಯಾಲೆಂಡರಿನಲ್ಲಿ ದಿನ ಎಣಿಸುವ ಕೆಲಸ ಅವರಿಗೆ ತಪ್ಪಿತ್ತು. ಈಗ ಚಕ್ಕುಲಿ ಹಿಟ್ಟು ಕಲಸಿ ಇಟ್ಟಾಗಿದೆ, ಗಣಪತಿ ಕೂರಿಸಲು ಎರಡೇ ದಿನ, ಮತ್ತೆ ಇದು! ಅತ್ತೆ ಕೇಳಿದ ಪ್ರಶ್ನೆ ಶಾಸ್ತ್ರದ ಮಟ್ಟಿಗೆ ಬಹಳ ನ್ಯಾಯವಾದದ್ದೇ: ಔಷಧಿಯಿಂದ ಬಂದದ್ದು ಮುಟ್ಟು ಹೌದೋ ಅಲ್ಲವೋ? ಪಕ್ಕದ ಮನೆಯ ಭಟ್ಟರನ್ನು ಕೇಳೋಣ ಅಂದರು. ಆ ವಿಷಯ ಭಟ್ಟರ ಜಗಲಿಗೆ ಹೋಗುವುದು ನನಗೆ ಬೇಕಿರಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. 'ಇದು ಮುಟ್ಟಲ್ಲ ಅಮ್ಮಾ, ಒಳಪದರ ಹೊಸ ಡೋಸ್‌ಗೆ ಹೊಂದಿಕೊಳ್ತಾ ಇದೆ' ಅಂತ ಅವರು ಅತ್ತೆಗೇ ಹೇಳಿದರು. ಅತ್ತೆ ಎರಡು ಕ್ಷಣ ಯೋಚಿಸಿ, 'ಡಾಕ್ಟ್ರು ಅಲ್ಲ ಅಂದ ಮೇಲೆ ಅಲ್ಲ' ಅಂದು ಚಕ್ಕುಲಿ ಒರಳು ನನ್ನ ಕಡೆ ತಳ್ಳಿದರು. ಪುಣ್ಯಕ್ಕೆ ಶಾಸ್ತ್ರ ಅಲ್ಲಿಗೆ ಮುಗಿಯಿತು. ಆ ಎಣ್ಣೆ ಬಾಂಡಲೆ ಎದುರು ಕೂತಾಗ ಸುರಿದ ಬೆವರು ಮಾತ್ರ ಅಪ್ಪಟ ಸೆಕೆಯದ್ದು.

ನನಗೆ ಡಾಕ್ಟರು ಬೇರೆಯಾಗಿ ಹೇಳಿದ್ದು ಮುಖ್ಯ. ಶುರುವಿನ ಮೂರರಿಂದ ಆರು ತಿಂಗಳು, ಅಥವಾ ಡೋಸ್ ಬದಲಾದಾಗ, ಹೀಗೆ ಚೂರು ರಕ್ತ ಕಾಣುವುದು ಸಾಮಾನ್ಯ. ದಿನಾಂಕ ಬರೆದಿಡಿ. ಜಾಸ್ತಿ ಹೋದರೆ, ಆರು ತಿಂಗಳ ಮೇಲೂ ನಿಲ್ಲದಿದ್ದರೆ, ಅಥವಾ ಪೂರ್ತಿ ನಿಂತು ಮತ್ತೆ ಶುರುವಾದರೆ ತಪ್ಪದೆ ಪರೀಕ್ಷೆ ಮಾಡಿಸಬೇಕು. ಹಬ್ಬ ಕಳೆದ ಮೇಲೆ ಮತ್ತೆ ಸ್ಕ್ಯಾನ್ ಆಯಿತು, ಒಳಪದರ ತೆಳುವಾಗಿಯೇ ಇತ್ತು. ದೀಪಾವಳಿ ಹೊತ್ತಿಗೆ ರಕ್ತ ನಿಂತಿತು.

2025ರ ನವೆಂಬರಿನಲ್ಲಿ ಇನ್ನೊಂದು ಸುದ್ದಿ ಬಂತು. ಹಾರ್ಮೋನ್ ಔಷಧಿಗಳ ಮೇಲೆ ಇಪ್ಪತ್ತು ವರ್ಷದಿಂದ ಇದ್ದ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನು ತೆಗೆಯುವುದಾಗಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳಿತು. ಗರ್ಭಕೋಶದ ಒಳಪದರದ ಕ್ಯಾನ್ಸರ್ ಬಗ್ಗೆ ಈಸ್ಟ್ರೊಜೆನ್ ಮಾತ್ರ ಇರುವ ಔಷಧಿಗೆ ಇದ್ದ ಎಚ್ಚರಿಕೆಯನ್ನು ಉಳಿಸಿಕೊಂಡಿತು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಇದು 'ಹಾರ್ಮೋನ್ ಪೂರ್ತಿ ಸೇಫ್' ಅಂತ ತಿರುಗಾಡಿತು. ಮೊದಲು ಕ್ಯಾನ್ಸರ್ ಅಂತ ಹೆದರಿಸಿದವರೂ, ಈಗ ಸೇಫ್ ಅಂತ ಕುಣಿಯುವವರೂ ಒಂದೇ ಥರ. ಇಬ್ಬರೂ ಅಂಕಿ ನೋಡಿಲ್ಲ. ಹೃದಯಕ್ಕೆ ಒಳ್ಳೆಯದು, ಮರೆವು ಬರಲ್ಲ, ಚರ್ಮ ಹೊಳೆಯುತ್ತದೆ ಅಂತೆಲ್ಲ ಮಾರುವವರೂ ಇದ್ದಾರೆ. ನನ್ನ ಡಾಕ್ಟರು ಕೊಟ್ಟಿದ್ದು ಬಿಸಿ, ಬೆವರು, ನಿದ್ದೆಗೆ. ಮೂಳೆ ಅದರ ಜೊತೆಗೆ ಬಂದ ಲಾಭ. ಸಂಜೆ ನಡೆಯುವುದು, ತೂಕ ಇಳಿಸುವುದು ಎರಡನ್ನೂ ಚೀಟಿಯ ಮೇಲೇ ಬರೆದು ಅಡಿಗೆರೆ ಎಳೆದಿದ್ದಾರೆ. ಹಾಗಾಗಿ ಸಂಜೆ ಹೆಡ್ ಬಂದರ್ ಕಡೆ ಹೋಗಿ ಬರುತ್ತೇನೆ.

ಎಲ್ಲವೂ ಸರಿಹೋಗಿದೆ ಅಂತ ಅಲ್ಲ. ಮೂತ್ರದ ಉರಿ, ಯೋನಿ ಒಣಗಿದ ಹಾಗಾಗುವುದು ಇದರಿಂದ ಪೂರ್ತಿ ಹೋಗಲಿಲ್ಲ. ಅದಕ್ಕೆ ಬೇರೆಯಾಗಿ ಒಳಗೆ ಹಚ್ಚುವ ಈಸ್ಟ್ರಿಯಾಲ್ (ಇನ್ನೊಂದು ಬಗೆಯ ಈಸ್ಟ್ರೊಜೆನ್) ಕ್ರೀಮ್ ಕೊಟ್ಟಿದ್ದಾರೆ. ಅದು ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಇದರ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಆಯಿ ವರ್ಷಗಟ್ಟಲೆ ಉರಿಮೂತ್ರ ಅಂತ ಬಾರ್ಲಿ ನೀರು ಕುಡಿಯುತ್ತಿದ್ದಳು. ಸಿಟ್ಟು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಅದು ಹಾರ್ಮೋನಿನದೋ ಸ್ವಭಾವದ್ದೋ ಅಂತ ಮನೆಯಲ್ಲಿ ಎರಡು ಪಕ್ಷ ಇದೆ.

ಎಷ್ಟು ವರ್ಷ ತಗೊಳ್ಳಬೇಕು ಅಂತ ಕೇಳಿದಾಗ ಡಾಕ್ಟರು ತಾರೀಕು ಕೊಡಲಿಲ್ಲ. ವರ್ಷಕ್ಕೊಮ್ಮೆ ಬಿಪಿ, ತೂಕ, ಸ್ತನ ಪರೀಕ್ಷೆ, ಅವರು ಹೇಳಿದಾಗ ಮ್ಯಾಮೊಗ್ರಾಮ್, ಮತ್ತೆ ಬೇಕೋ ಬೇಡವೋ ಎಂಬ ಅದೇ ಪ್ರಶ್ನೆ. ಬಿಡುವಾಗ ನಿಧಾನವಾಗಿ ಕಡಿಮೆ ಮಾಡುತ್ತಾ ಬರುವುದು. ತಿಂಗಳ ಖರ್ಚು ನಮ್ಮ ಮನೆಯ ಹಾಲಿನ ಬಿಲ್ಲಿಗಿಂತ ಕಡಿಮೆ.

ಮೊನ್ನೆ ಸಂಘದ ಇನ್ನೊಂದು ಶಾಖೆಯ ಗೆಳತಿ ಬಂದಿದ್ದಳು. ಫೈಲಿನಲ್ಲಿ ಗಾಳಿ ಹಾಕಿಕೊಳ್ಳುತ್ತಾ, 'ನಿನ್ನ ಜೆಲ್ಲಿನ ಹೆಸರು ಬರೆದು ಕೊಡೇ, ನಾನೂ ತರಿಸ್ತೆ' ಅಂದಳು. ಕೊಡಲಿಲ್ಲ. ಸ್ವಲ್ಪ ಬೇಜಾರು ಮಾಡಿಕೊಂಡಳು. ಮೊದಲು ಬಿಪಿ ನೋಡಿಸು ಬಾ ಅಂತ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಕರೆದುಕೊಂಡು ಹೋದೆ. ಮೇಲಿನದು 160ರ ಮೇಲಿತ್ತು. ಈಗ ಅವಳಿಗೆ ಮೊದಲು ಅದರ ಮಾತ್ರೆ ಶುರುವಾಗಿದೆ. ಹಾರ್ಮೋನ್ ವಿಷಯ ಬಿಪಿ ಇಳಿದ ಮೇಲೆ ನೋಡೋಣ ಅಂದಿದ್ದಾರೆ.